ಬಾಡಿಗೆ ಕಾರು ಆರಿಸಿಕೊಡುತ್ತಿದ್ದವರು

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ. ಯಾರೋ ಹಾಕಿದ ಒಂದು ಫೋಟೊ, ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, ಆ ಕೈಗಳ ನಡುವೆ ಅವಸರದಲ್ಲಿ ಯಾರೋ ಒತ್ತಿಬಿಟ್ಟ ಒಂದು ಹೆಬ್ಬೆಟ್ಟು. ಅವರೇ ಇದ್ದಿದ್ದರೆ ಆ ಹೆಬ್ಬೆಟ್ಟು ಯಾರದೆಂದು ಪತ್ತೆ ಹಚ್ಚಿ, ಮುಂದಿನ ಸಲ ಆ ಮಹಾನುಭಾವ ಟೂರ್ ಹೊರಟಾಗ ಎ.ಸಿ. ಇಲ್ಲದ ಕಾರು ಕಳಿಸುತ್ತಿದ್ದರು. ಅಷ್ಟು ಅಧಿಕಾರ ಅವರಿಗಿತ್ತು. ಚಿಕ್ಕಬಳ್ಳಾಪುರದ ನಮ್ಮ ತರಕಾರಿ ಬೀಜದ ಕಂಪನಿಯ ಶಾಖೆಯಲ್ಲಿ ಯಾರು, ಯಾವ ಊರಿಗೆ, ಯಾವ ಬಾಡಿಗೆ ಕಾರಿನಲ್ಲಿ ಹೋಗಬೇಕೆಂದು ತೀರ್ಮಾನಿಸುತ್ತಿದ್ದವರು ಅವರೊಬ್ಬರೇ.

ಹೆಸರು ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು, "ಯಾರನ್ನ ಕೇಳಿ ಬರ್ದೆಯಮ್ಮ?" ಅಂದಾರು. ನಾವೆಲ್ಲ ದೊಡ್ಡ ಸಾರ್ ಎನ್ನುತ್ತಿದ್ದೆವು. ಹುದ್ದೆಯಲ್ಲಿ ದೊಡ್ಡವರೇನಲ್ಲ, ಆಡಳಿತ ವಿಭಾಗದ ಸೂಪರಿಂಟೆಂಡೆಂಟ್. ಮ್ಯಾನೇಜರಿಗೆ ಬಾಗಿಲಿರುವ ಕೋಣೆ ಇತ್ತು. ಇವರಿಗಿದ್ದದ್ದು ಮೆಟ್ಟಿಲ ಪಕ್ಕ ಒಂದು ಮೇಜು, ಒಂದು ಲ್ಯಾಂಡ್‌ಲೈನ್ ಫೋನು, ಒಂದು ಕಟ್ಟು ಟ್ರಿಪ್ ಶೀಟು. ಹೊರಟ ಹೊತ್ತು, ಬಂದ ಹೊತ್ತು, ಕೊನೆಯಲ್ಲಿ 'ಪ್ರಯಾಣಿಕರ ಅಭಿಪ್ರಾಯ' ಎಂದು ಎರಡು ಗೆರೆ ಜಾಗ ಇರುವ ಹಾಳೆ ಅದು. ಆದರೂ ಮ್ಯಾನೇಜರೇ ಕೋಣೆಯಿಂದ ಹೊರಗೆ ಬಂದು, ಆ ಮೇಜಿನ ಮುಂದೆ ನಿಂತು, "ನಾಳೆ ಚಿಂತಾಮಣಿಗೆ ಯಾವ ಗಾಡಿ ಸಾರ್?" ಎಂದು ಕೇಳುತ್ತಿದ್ದರು.

ನನ್ನದು ಬೀಜದ ಗುಣಮಟ್ಟ ನೋಡುವ ಕೆಲಸ. ಕೇಳಲು ಚೆನ್ನಾಗಿದೆ. ನಿಜ ಏನೆಂದರೆ, ಎಲ್ಲಾದರೂ ಬೀಜ ಮೊಳೆಯಲಿಲ್ಲ ಎಂದು ದೂರು ಬಂದರೆ ಅಲ್ಲಿಗೆ ಹೋಗಿ ಬೈಸಿಕೊಂಡು ಬರಬೇಕಾದವಳು ನಾನು. ಸೇರಿದ ಮೊದಲ ವಾರವೇ ಕೆಂಚಾರ್ಲಹಳ್ಳಿಯಿಂದ ಫೋನು ಬಂತು, ಟೊಮೇಟೊ ಬೀಜ ಅರ್ಧಕ್ಕರ್ಧ ಮಣ್ಣಲ್ಲೇ ಮಲಗಿದೆ ಎಂದು. ಆಫೀಸಿನ ಮುಂದೆ ಬೆಳ್ಳಗೆ ತೊಳೆದ ಹೊಸ ಕಾರೊಂದು ನಿಂತಿತ್ತು. ಅದರಲ್ಲಿ ಬ್ಯಾಗು ಇಡಲು ಹೋದೆ.

"ಏಯ್, ಅದಲ್ಲಮ್ಮ. ಆ ಕಡೇದು."

ಆ ಕಡೆಯದು ಒಂದು ಹಳೆಯ ವ್ಯಾನು. ಸೀಟಿನ ಹರಿದ ಕಡೆಯೆಲ್ಲ ಗೋಣಿ ದಾರದಲ್ಲಿ ಹೊಲಿದಿದ್ದರು.

"ಸಾರ್, ಅದ್ರಲ್ಲಿ ಎ.ಸಿ. ಇಲ್ಲ."

"ಮೊಳಕೆ ಬರ್ಲಿಲ್ಲ ಅಂತ ಹೊಟ್ಟೆ ಉರ್ಕೊಂಡು ಕೂತಿರೋರ ಮನೆ ಮುಂದೆ ತಣ್ಣಗೆ, ಬೆಳ್ಳಗೆ ಇಳೀತೀಯೇನಮ್ಮ? ಬೆವರ್ಕೊಂಡು ಇಳಿ. ಮೊದ್ಲು ನೀರು ಕೊಡ್ತಾರೆ. ನೀರು ಕೊಟ್ಟ ಮೇಲೆ ಅವ್ರಿಗೂ ಅಷ್ಟು ಜೋರಾಗಿ ಬೈಯಕ್ಕಾಗಲ್ಲ."

ನಾನು ಮನಸ್ಸಿನಲ್ಲೇ ಅವರಿಗೆ ಶಾಪ ಹಾಕುತ್ತ ಹೋದೆ. ಮೈಯೆಲ್ಲ ಧೂಳು, ಕುತ್ತಿಗೆಯಲ್ಲಿ ಬೆವರು. ಜಗಳಕ್ಕೆಂದು ಪಂಚೆ ಎತ್ತಿಕಟ್ಟಿ ನಿಂತಿದ್ದ ರೈತ ನನ್ನ ಮುಖ ನೋಡಿ, "ಅಯ್ಯೋ, ಯಾರಮ್ಮ ನೀನು, ಇಂಥ ಬಿಸ್ಲಲ್ಲಿ! ಮೊದ್ಲು ನೀರು ಕುಡಿ, ಆಮೇಲೆ ಬೈತೀನಿ" ಅಂದ. ಹೇಳಿದಂತೆ ಆಮೇಲೆ ಬೈದ. ಆದರೆ ನನಗೂ ಒಂದು ಚಾಪೆ ಹಾಸಿ, ತಾನೂ ಕೂತು ಬೈದ.

ಇದನ್ನು ನಂಬದೆ ಹೋದವರಿಗೂ ಪಾಠವಾಯಿತು. ನಮ್ಮ ಸೇಲ್ಸ್ ಮ್ಯಾನೇಜರೊಬ್ಬರು ಇವರ ಮಾತು ಮೀರಿ, ಗೌರಿಬಿದನೂರಿನ ಕಡೆಯ ಒಂದು ಹಳ್ಳಿಗೆ ಇಂಥದ್ದೇ ದೂರಿನ ಮೇಲೆ ಆನೆಯಂಥ ಕಾರಿನಲ್ಲಿ ಹೋದರು. ಹಳ್ಳಿಯವರು ಬೈಯಲಿಲ್ಲ, ಹೊಡೆಯಲಿಲ್ಲ, ಬಹಳ ಮರ್ಯಾದೆಯಿಂದ ನಾಲ್ಕೂ ಚಕ್ರದ ಗಾಳಿ ಬಿಟ್ಟರು. ಸ್ಟೆಪ್ನಿಯನ್ನೂ ಹೊರಗೆ ತೆಗೆಸಿ ಅದರ ಗಾಳಿಯನ್ನೂ ಬಿಟ್ಟರು. ದೊಡ್ಡ ಸಾರ್ ಆ ದಿನದ ಟ್ರಿಪ್ ಶೀಟನ್ನು ಒಂದು ತಿಂಗಳು ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದರು.

ಅವರ ಶಾಸ್ತ್ರ ದೊಡ್ಡದಿತ್ತು. ಬೀಜದಂಗಡಿಯವರ ಹತ್ತಿರ ಆರ್ಡರ್ ತರಲು ಹೋದರೆ ದೊಡ್ಡ ಕಾರು, ಅದೂ ಅಂಗಡಿಯ ಎದುರಿಗೇ ನಿಲ್ಲಬೇಕು, ಪಕ್ಕದ ಅಂಗಡಿಯವನಿಗೆ ಕಾಣಬೇಕು. ಸರ್ಕಾರಿ ಆಫೀಸಿಗೆ ಹೋದರೆ ಅಲ್ಲಿನ ಸಾಹೇಬರ ಜೀಪಿಗಿಂತ ಒಂದು ಗೇಣು ಚಿಕ್ಕದಿರಬೇಕು. ಸತ್ತವರ ಮನೆಗೆ ಕೆಂಪು ಕಾರು ಕೂಡದು. ಇದೆಲ್ಲ ಅವರಿಗೆ ಯಾರು ಹೇಳಿಕೊಟ್ಟರೋ ಕಾಣೆ. ಕೇಳಿದರೆ, "ಹೇಳ್ಕೊಡೋದೇನಿದೆ? ಕಣ್ಣಿಲ್ವಾ?" ಎನ್ನುವರು.

ಕಾರು ಪರೀಕ್ಷಿಸುವ ವಿಧಾನ ಮಾತ್ರ ಎಲ್ಲಿಂದ ಬಂತೆಂದು ಬಲ್ಲೆ. ಅವರ ತಂದೆ ಶಿಡ್ಲಘಟ್ಟದಲ್ಲಿ ರೀಲರ್ ಆಗಿದ್ದವರು, ಎಂದರೆ ರೇಷ್ಮೆಗೂಡು ಕೊಂಡು ನೂಲು ತೆಗೆಸುತ್ತಿದ್ದವರು. ಗೂಡಿನ ಮಾರ್ಕೆಟ್ಟಿನಲ್ಲಿ ರಾಶಿಯ ಮೇಲಿನ ಗೂಡು ನೋಡಿ ಯಾರೂ ಬೆಲೆ ಕೂಗುವುದಿಲ್ಲ. ತೋಳು ಇಳಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ, ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ, ಒಳಗೆ ಹುಳು ಗಟ್ಟಿಯಾಗಿ ಸದ್ದು ಮಾಡಿದರೆ ಸರಿ. ಚಿಕ್ಕಂದಿನಲ್ಲಿ ತಂದೆಯ ಜೊತೆ ಅಲ್ಲಿ ನಿಂತು ಬೆಳೆದವರು ಇವರು. ಹೊಸ ಬಾಡಿಗೆ ಕಾರು ಬಂದರೆ ಬಾನೆಟ್ಟನ್ನು ಮುಟ್ಟುತ್ತಿರಲಿಲ್ಲ. ನೇರವಾಗಿ ಡಿಕ್ಕಿ ತೆರೆಸಿ, ಮ್ಯಾಟು ಎತ್ತಿಸಿ, ತಳಕ್ಕೆ ಕೈ ಹಾಕಿ ತಟ್ಟುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡು, ಕಿವಿಯೊಂದನ್ನು ಕಾರಿನ ಕಡೆ ತಿರುಗಿಸಿ, ಬಾಗಿಲನ್ನು ಮೂರು ಸಲ ಹಾಕಿಸುತ್ತಿದ್ದರು. ಡ್ರೈವರುಗಳು ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ ಉಸಿರು ಬಿಗಿಹಿಡಿದು ನಿಂತಿರುವರು.

"ಇದು ಟಣ್ ಅಂತಪ್ಪ. ತಗಡು. ಹತ್ತಿರದ ಊರಿಗೆ ಇಟ್ಕೊ."

ಇಷ್ಟೆಲ್ಲ ಕಾರು ಬಲ್ಲವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಸೈಕಲ್ಲೂ ಬರುತ್ತಿರಲಿಲ್ಲ. ಗೌರಿಬಿದನೂರಿನ ಮನೆಯಿಂದ ದಿನಾ ಬಸ್ಸಿನಲ್ಲಿ ಬಂದು, ಬಸ್ಸಿನಲ್ಲೇ ಹೋಗುವರು. ತಾವು ಗೊತ್ತು ಮಾಡಿದ ಕಾರಿಗೆ ತಾವು ಒಂದು ದಿನವೂ ಹತ್ತಿದವರಲ್ಲ. "ನ್ಯಾಯ ಹೇಳೋನು ಕಕ್ಷಿದಾರನ ಮನೇಲಿ ಉಣ್ಣಬಾರದು ಕಣಮ್ಮ" ಎನ್ನುವರು. ಆಹಾ, ಎಂಥ ನಿಷ್ಠೆ ಎಂದು ನಾನು ಒಂದು ವರ್ಷ ಮರುಳಾಗಿದ್ದೆ. ಆಮೇಲೆ ಒಬ್ಬ ಡ್ರೈವರು ಗುಟ್ಟು ಬಿಟ್ಟುಕೊಟ್ಟ. ಮ್ಯಾನೇಜರು ಒಮ್ಮೆ ಬಲವಂತವಾಗಿ ನಂದಿಬೆಟ್ಟಕ್ಕೆ ಕೂರಿಸಿಕೊಂಡು ಹೋದಾಗ ದೊಡ್ಡ ಸಾರ್ ಮೂರು ತಿರುವಿಗೆ ಮೂರು ಸಲ ವಾಂತಿ ಮಾಡಿದ್ದರಂತೆ. ಗಾಜು ಏರಿಸಿದ ಕಾರಿನಲ್ಲಿ ಕೂತರೆ ಅವರ ಹೊಟ್ಟೆ ತೊಳಸುತ್ತಿತ್ತು. ಬಸ್ಸಿನಲ್ಲಿ ಗಾಳಿ ಆಡುತ್ತದಲ್ಲ, ಅಲ್ಲಿ ಏನೂ ಆಗುತ್ತಿರಲಿಲ್ಲ.

ಇನ್ನೊಂದು ಗುಣವನ್ನೂ ಹೇಳಿಬಿಡಬೇಕು, ಇಲ್ಲದಿದ್ದರೆ ಇದು ಬರೀ ಹೊಗಳಿಕೆಯಾಗುತ್ತದೆ. ತಪ್ಪಾಯಿತು ಎಂಬ ಮಾತು ಆ ಬಾಯಲ್ಲಿ ಬರುತ್ತಿರಲಿಲ್ಲ. ಒಂದು ಸಲ ನನ್ನನ್ನು ಗೌರಿಬಿದನೂರಿನ ಬಸ್ ನಿಲ್ದಾಣದ ಹತ್ತಿರ ಇಳಿಸಲು ಡ್ರೈವರಿಗೆ ಹೇಳಿ, ವಾಪಸ್ ಕರೆತರಲು ಕಾರು ಕಳಿಸುವುದನ್ನೇ ಮರೆತರು. ಮೂರು ಗಂಟೆ ಬಿಸಿಲಲ್ಲಿ ನಿಂತು, ಕೆಂಡವಾಗಿ ಆಫೀಸಿಗೆ ಬಂದೆ. "ಒಳ್ಳೇದಾಯ್ತು ಬಿಡಮ್ಮ. ಊರು ಪರಿಚಯ ಆಯ್ತಲ್ಲ" ಅಂದರು. ಅವತ್ತು ಟ್ರಿಪ್ ಶೀಟಿನ ಕಟ್ಟನ್ನು ಅವರ ತಲೆಯ ಮೇಲೆ ಎಸೆಯಬೇಕೆನ್ನಿಸಿತ್ತು.

ಇಂಥವರ ಬದುಕಿಗೆ ಒಂದು ಅಮೆರಿಕದ ಕಾರು ಬಂತು.

ಕೈವಾರದ ನಾರಾಯಣಸ್ವಾಮಿ ಹತ್ತು ವರ್ಷ ಬೇರೆಯವರ ಟೆಂಪೊ ಓಡಿಸಿ ಸಾಕಾಗಿ, ಸ್ವಂತ ಕಾರು ತೆಗೆದುಕೊಂಡು ನಮ್ಮ ಆಫೀಸಿಗೆ ತಿಂಗಳ ಬಾಡಿಗೆಗೆ ಬಿಡಬೇಕೆಂದಿದ್ದ. ಮೆತ್ತಗಿನ ಮನುಷ್ಯ, ಹಾರನ್ ಹೊಡೆಯುವಾಗಲೂ ಕ್ಷಮಿಸಿ ಅನ್ನುವ ಹಾಗೆ ಹೊಡೆಯುವನು. ಊರಿನ ಎಲ್ಲರ ಬಳಿ ಇರುವಂಥ ಕಾರನ್ನೇ ಕೊಳ್ಳಬೇಕೆಂದು ತೀರ್ಮಾನಿಸಿ, ಒಂದು ಮಾತು ದೊಡ್ಡ ಸಾರ್‌ನ ಕೇಳೋಣ ಎಂದು ಬಂದ. ಅಲ್ಲಿಗೆ ಕೆಟ್ಟ. ಹಿಂದಿನ ವಾರವಷ್ಟೇ ಯಾರೋ ಅತಿಥಿಯನ್ನು ಬಿಡಲು ಬಂದಿದ್ದ ಅಮೆರಿಕದ ಕಂಪನಿಯ ಕಾರೊಂದರ ಬಾಗಿಲ ಸದ್ದು ಇವರ ಕಿವಿಗೆ ಬಿದ್ದಿತ್ತು.

"ಧಪ್ ಅಂತು ಕಣಯ್ಯ. ಧಪ್! ತಳ ತಟ್ಟಿದ್ರೆ ಕಲ್ಲು ಚಪ್ಪಡಿ. ತಗೊಂಡ್ರೆ ಅದನ್ನ ತಗೊ. ಊರಿಗೆಲ್ಲ ಇರೋದನ್ನ ನೀನ್ಯಾಕೆ ತಗೋತೀಯ?"

ನಾರಾಯಣಸ್ವಾಮಿ ಮನೆಗೆ ಹೋಗಿ ಹೇಳಿದ. ಅವನ ಹೆಂಡತಿ ಲಕ್ಷ್ಮೀದೇವಮ್ಮ ಕೈವಾರದಲ್ಲಿ ಹೂವು, ಹಣ್ಣುಕಾಯಿ ಮಾರುವವಳು. ಮಾರನೆಯ ದಿನ ಆಕೆಯೇ ಆಫೀಸಿಗೆ ಫೋನು ಮಾಡಿದಳು. ಲ್ಯಾಂಡ್‌ಲೈನಿನ ಸದ್ದು ಎಷ್ಟು ಜೋರೆಂದರೆ ಆಕೆಯ ಮಾತು ನನ್ನ ಮೇಜಿಗೂ ಕೇಳುತ್ತಿತ್ತು.

"ಸಾರ್, ಇಲ್ಲಿಗೆ ಬರೋ ಭಕ್ತಾದಿಗಳ ಕಾರೆಲ್ಲ ದಿನಾ ನನ್ನ ಅಂಗಡಿ ಮುಂದೇನೇ ನಿಲ್ಲೋದು. ನೀವು ಹೇಳೋ ಕಾರು ನೂರಕ್ಕೊಂದೂ ಇಲ್ಲ ಸಾರ್."

"ನೂರಕ್ಕೊಂದು ಇರೋದೇ ಒಳ್ಳೇದು ಕಣಮ್ಮ."

"ಕೆಟ್ರೆ ಯಾರ್ ಸಾರ್ ನೋಡೋರು?"

"ಕೆಡಲ್ಲಮ್ಮ."

"ಕಂಪನಿಯೋರು ಮುಂದಕ್ಕೂ ಇರ್ತಾರಾ ಸಾರ್?"

"ಇರ್ತಾರೆ. ಅಮೆರಿಕದೋರಮ್ಮ. ನನ್ನ ಮಾತು."

"ನಿಮ್ಮ ಮಾತು ಅಂದ್ರೆ ಸರಿ ಸಾರ್" ಎಂದು ಆಕೆ ಫೋನಿಟ್ಟಳು. ಇಡೀ ಜಿಲ್ಲೆಯ ಕಾರುಗಳನ್ನು ಹೂವಿನ ಬುಟ್ಟಿಯ ಹಿಂದೆ ಕೂತು ಲೆಕ್ಕ ಹಾಕಿದ್ದವಳು ಆಕೆ. ಬಾಗಿಲ ಸದ್ದು ಕೇಳಿ ತೀರ್ಪು ಕೊಟ್ಟವರು ಇವರು. ಗೆದ್ದದ್ದು ಸದ್ದು.

ನ್ಯಾಯವಾಗಿ ಹೇಳಬೇಕೆಂದರೆ ಕಾರು ಕೆಡಲಿಲ್ಲ. ನಾಲ್ಕು ವರ್ಷ ನಾನು ಅದರಲ್ಲಿ ತಿರುಗಿದೆ. ಚಿಂತಾಮಣಿಯ ದಾರಿಯಲ್ಲಿ, ಉಳಿದ ಕಾರುಗಳು ಬೆನ್ನು ಮುರಿಯುತ್ತಿದ್ದ ಜಾಗದಲ್ಲಿ, ನಾನು ಅದರಲ್ಲಿ ನಿದ್ದೆ ಮಾಡಿದ್ದೇನೆ. ನಾರಾಯಣಸ್ವಾಮಿ ಅದನ್ನು ಒರೆಸುವುದು ನೋಡಿದರೆ ಎಣ್ಣೆ ಸ್ನಾನ ಮಾಡಿಸುತ್ತಿದ್ದಾನೆ ಅನ್ನಿಸುತ್ತಿತ್ತು. ಬೇರೆ ಡ್ರೈವರುಗಳು 'ಅಮೆರಿಕ ಬಂದ' ಎಂದು ರೇಗಿಸುವರು. ಅವನು ನಗುವನು. ಯಾರ ಕೈಕೆಳಗೂ ಇಲ್ಲದೆ ದುಡಿದು ತಿನ್ನುವ ಮನುಷ್ಯನ ನಗು ಅದು. ಅದನ್ನು ನೋಡುವುದೇ ಒಂದು ಸಂತೋಷವಾಗಿತ್ತು.

ಅಷ್ಟರಲ್ಲಿ ಮೊದಲು ಬೇರೊಂದು ಅಮೆರಿಕದ ಕಂಪನಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. "ಹೋಗ್ಲಿ ಬಿಡಿ, ಅವರ ಬಾಗಿಲು ಟಣ್ ಅಂತಿತ್ತು" ಅಂದರು ದೊಡ್ಡ ಸಾರ್. ಆಮೇಲೊಂದು ದಿನ ಆಫೀಸಿನ ಎದುರಿನ ಟೀ ಅಂಗಡಿಯ ಟಿ.ವಿ.ಯಲ್ಲಿ ನಾರಾಯಣಸ್ವಾಮಿಯ ಕಾರಿನ ಕಂಪನಿಯ ಸರದಿ ಬಂತು. ಇಲ್ಲಿ ಕಾರ್ಖಾನೆ ಮುಚ್ಚುತ್ತಾರಂತೆ, ನಷ್ಟವಂತೆ. ದೊಡ್ಡ ಸಾರ್ ಟೀ ಲೋಟ ಕೆಳಗಿಟ್ಟರು.

"ಚಂದ್ರನ ಮೇಲೆ ಹೋಗಿ ಬಂದ ಜನ ಕಣ್ರೀ ಅವರು. ಚಿಕ್ಕಬಳ್ಳಾಪುರದಲ್ಲಿ ಕಾರು ಮಾರಕ್ಕಾಗಲ್ವಾ?"

ಟೀ ಅಂಗಡಿಯವನು ಹಾಲು ಕಾಯಿಸುತ್ತ ತಿರುಗಿಯೂ ನೋಡದೆ ಹೇಳಿದ, "ಚಂದ್ರನ ಮೇಲೂ ನಿಲ್ಲಲಿಲ್ವಲ್ಲ ಸಾರ್. ವಾಪಸ್ ಬಂದ್ರು."

ಆ ವಾರವೇ ಅವರು ಅಮೆರಿಕಕ್ಕೆ ಒಂದು ಪತ್ರ ಬರೆದರು. ನಾನೇ ಟೈಪು ಮಾಡಿಕೊಟ್ಟೆ, ಆಫೀಸ್ ಇಂಗ್ಲಿಷಿನಲ್ಲಿ ಮೂರು ಪುಟ. ಅದರ ತಿರುಳನ್ನು ಅವರು ನನಗೆ ಹೇಳಿದ್ದು ಹೀಗೆ: "ನೋಡಮ್ಮ, ಇಲ್ಲಿ ಜನ ಕಾರು ತಗೊಳೋ ಮುಂಚೆ ಮೆಕ್ಯಾನಿಕ್‌ನ ಕೇಳ್ತಾರೆ. ಇವರ ಕಾರು ಕೆಡಲ್ಲ. ಕೆಡದೇ ಇರೋ ಕಾರಿನ ಬಗ್ಗೆ ಮೆಕ್ಯಾನಿಕ್ ಯಾಕೆ ಒಳ್ಳೇ ಮಾತಾಡ್ತಾನೆ? ಅಲ್ಲೇ ಸೋತ್ರು. ಎರಡನೇದು, ಓಡಿಸೋನಿಗೆ ಖುಷಿಯಾಗ್ಲಿ ಅಂತ ಕಾರು ಮಾಡಿದ್ರು. ನಮ್ಮಲ್ಲಿ ಕಾರು ಅಂದ್ರೆ ಹಿಂದೆ ಕೂತೋನದು." ಕೊನೆಯಲ್ಲಿ, ಮುಚ್ಚುವ ತೀರ್ಮಾನವನ್ನು ಪುನಃ ಪರಿಶೀಲಿಸಬೇಕೆಂದೂ ಕೈವಾರದ ಒಬ್ಬ ಬಡ ಗ್ರಾಹಕನ ಹಿತವನ್ನು ಗಮನದಲ್ಲಿಡಬೇಕೆಂದೂ ಕೋರಿದ್ದರು. ಕೆಳಗೆ ಸಹಿ, ಆಫೀಸಿನ ಮೊಹರು.

ನಗಬೇಡಿ, ಉತ್ತರ ಬಂತು. ಇಮೇಲಿನಲ್ಲಿ, ಅದೂ ಎರಡೇ ನಿಮಿಷದಲ್ಲಿ. ನಮ್ಮ ಕಾರುಗಳಲ್ಲಿ ನೀವು ತೋರಿಸಿದ ಆಸಕ್ತಿಗೆ ಧನ್ಯವಾದ, ಹೆಚ್ಚಿನ ಮಾಹಿತಿಗೆ ನಿಮ್ಮ ಹತ್ತಿರದ ಡೀಲರನ್ನು ಸಂಪರ್ಕಿಸಿ. ಹತ್ತಿರದ ಡೀಲರಿನ ಷೋರೂಮಿನಲ್ಲಿ ಆ ಹೊತ್ತಿಗೆ ಸೋಫಾ ಸೆಟ್ಟು ಮಾರುತ್ತಿದ್ದರು.

ಆಮೇಲೆ ಒಂದೊಂದೇ ಶುರುವಾಯಿತು. ಹಿಪ್ಪುನೇರಳೆ ಸೊಪ್ಪು ಹೇರಿದ ಟೆಂಪೊ ಒಂದು ತಗುಲಿ ಕಾರಿನ ಪಕ್ಕದ ಕನ್ನಡಿ ಒಡೆಯಿತು. ಹೊಸ ಕನ್ನಡಿಗೆ ನಾರಾಯಣಸ್ವಾಮಿ ತಿಂಗಳುಗಟ್ಟಲೆ ಅಲೆದು, ಕೊನೆಗೆ ಬೇರೆ ಯಾವುದೋ ಕಾರಿನದನ್ನು ತಂದು ತಂತಿಯಲ್ಲಿ ಕಟ್ಟಿದ. ಅವನಿಗೆ ಅದನ್ನು ನೋಡಿದರೆ ನಾಚಿಕೆ. ದೊಡ್ಡ ಸಾರ್ ಆ ಕಡೆಯಿಂದ ಕಾರನ್ನು ನೋಡುವುದನ್ನೇ ಬಿಟ್ಟರು.

ಅವರ ನಿವೃತ್ತಿಗೆ ಇನ್ನು ಮೂರು ತಿಂಗಳಿದೆ ಎನ್ನುವಾಗ ಹೈದರಾಬಾದಿನ ಹೆಡ್ ಆಫೀಸಿನಿಂದ ಒಂದು ಪಟ್ಟಿ ಬಂತು. ಇನ್ನು ಮುಂದೆ ಪ್ರಯಾಣಕ್ಕೆ ಇಂತಿಂಥ ಕಾರುಗಳನ್ನು ಮಾತ್ರ ಗೊತ್ತು ಮಾಡಬೇಕು, ಫೋನಿನಲ್ಲೇ ಬುಕ್ ಮಾಡಬೇಕು, ತಯಾರಿಕೆ ನಿಂತ ಕಾರುಗಳನ್ನು ತಿಂಗಳ ಕೊನೆಗೆ ಬಾಡಿಗೆಯಿಂದ ಬಿಡಬೇಕು. ದೊಡ್ಡ ಸಾರ್ ಹೈದರಾಬಾದಿಗೆ ಫೋನು ಮಾಡಿ ತೆಲುಗಿನಲ್ಲಿ ಮುಕ್ಕಾಲು ಗಂಟೆ ವಾದಿಸಿದರು.

"ಬಂಡಿ ಬಾಗುಂದಿ ಸಾರ್, ಮನಿಷೀ ಮಂಚೋಡೇ." ಗಾಡಿ ಚೆನ್ನಾಗಿದೆ, ಮನುಷ್ಯನೂ ಒಳ್ಳೆಯವನೇ.

"ಲಿಸ್ಟ್‌ಲೋ ಲೇದು ಕದಂಡಿ." ಪಟ್ಟಿಯಲ್ಲಿಲ್ಲವಲ್ಲ.

ಮುಕ್ಕಾಲು ಗಂಟೆಯಲ್ಲಿ ಆ ಕಡೆಯವರು ಆಡಿದ್ದು ಅದೊಂದೇ ಮಾತು. ನಾರಾಯಣಸ್ವಾಮಿ ಮೆಟ್ಟಿಲ ಹತ್ತಿರ ನಿಂತು ಕೇಳುತ್ತಿದ್ದ. ನಮ್ಮ ಬಾಡಿಗೆ ತಪ್ಪಿದರೆ ಆ ಕಾರನ್ನು ಬೇರೆ ಯಾರೂ ಕರೆಯುವುದಿಲ್ಲ, ಮಾರೋಣವೆಂದರೆ ಕೇಳುವವರಿಲ್ಲ. ಮತ್ತೆ ಇನ್ನೊಬ್ಬರ ಸ್ಟಿಯರಿಂಗ್ ಹಿಡಿಯಬೇಕು. ಎಲ್ಲ ಕೇಳಿಸಿಕೊಂಡು ಅವನು, "ಹೋಗ್ಲಿ ಬಿಡಿ ಸಾರ್, ನೀವೇನು ಮಾಡ್ತೀರಾ" ಅಂದ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

ಆಗ ದೊಡ್ಡ ಸಾರ್‌ಗೆ ದೇವರೇ ಕಳಿಸಿದ ಹಾಗೆ ಅಮೆರಿಕದವರೊಬ್ಬರು ಬರುವ ಸುದ್ದಿ ಬಂತು. ನಮ್ಮ ಕಂಪನಿಯಲ್ಲಿ ಪಾಲು ಹೊಂದಿದ್ದ ವಿದೇಶಿ ಕಂಪನಿಯ ಅಧಿಕಾರಿ, ಎರಡು ದಿನ ನಮ್ಮ ಕಡೆಯ ತೋಟಗಳನ್ನು ನೋಡುವವರು. ಅವರ ಒಂದು ಒಳ್ಳೆಯ ಮಾತು ಟ್ರಿಪ್ ಶೀಟಿನಲ್ಲಿ ಬಿದ್ದರೆ ಹೈದರಾಬಾದು ಬಾಯಿ ಮುಚ್ಚಲೇಬೇಕು.

"ಪರದೇಶದಲ್ಲಿ ತಮ್ಮೂರ ಕಾರು ಕಂಡ್ರೆ ಕಣ್ಣಲ್ಲಿ ನೀರು ಬರುತ್ತೆ ಕಣಮ್ಮ ಅವರಿಗೆ" ಅಂದರು. ತಿಂಗಳು ಮುಗಿದಿರಲಿಲ್ಲ, ನಿಯಮದ ಪ್ರಕಾರ ಇನ್ನೂ ಅವರ ಅಧಿಕಾರ ನಡೆಯುತ್ತಿತ್ತು. ದೇವನಹಳ್ಳಿ ಏರ್‌ಪೋರ್ಟಿಗೆ ನಾರಾಯಣಸ್ವಾಮಿಯನ್ನೇ ಕಳಿಸಿದರು. ಜೊತೆಗೆ ನಾನು. ಎಲ್ಲಿಂದಲೋ ಒಂದು ಸರಿಯಾದ ಕನ್ನಡಿಯನ್ನೂ ಹುಡುಕಿ ಹಾಕಿಸಿದ್ದರು, ಹೇಗೆಂದು ನಾನು ಕೇಳಲಿಲ್ಲ.

ಅಮೆರಿಕದವರು ಬಂದರು, ಕಾರಿನ ಮೂತಿಯ ಮೇಲಿದ್ದ ಗುರುತು ನೋಡಿದರು, ಜೋರಾಗಿ ನಕ್ಕರು. ಕಣ್ಣಲ್ಲಿ ನೀರೇನೂ ಬರಲಿಲ್ಲ. ಮುದ್ದೇನಹಳ್ಳಿಯ ಹತ್ತಿರ ಬರುವಷ್ಟರಲ್ಲಿ ನನಗೆ ಕಥೆ ಹೇಳಿದರು. ಅವರ ತಂದೆ ಇದೇ ಕಂಪನಿಯ ಕಾರ್ಖಾನೆಯಲ್ಲಿ ಬಾಗಿಲು ಕೂರಿಸುವ ಕೆಲಸದಲ್ಲಿದ್ದರಂತೆ. ಒಂದು ದಿನ ಆ ಕಾರ್ಖಾನೆಯನ್ನೂ ಮುಚ್ಚಿದರಂತೆ. ಆವತ್ತಿನಿಂದ ಅವರ ಮನೆಯಲ್ಲಿ ಯಾರೂ ಈ ಕಾರು ಕೊಂಡಿಲ್ಲವಂತೆ. "ನಾನು ಓಡಿಸುವುದು ಜಪಾನಿನ ಕಾರು" ಎಂದರು.

"ಏನಂತಾರೆ ಮೇಡಂ?" ಎಂದು ನಾರಾಯಣಸ್ವಾಮಿ ಆಸೆಯಿಂದ ಕೇಳಿದ.

"ಕಾರು ಚೆನ್ನಾಗಿದೆ ಅಂತಿದ್ದಾರೆ ನಾರಾಯಣಸ್ವಾಮಿ" ಎಂದೆ. ಬೇರೆ ಏನು ಹೇಳಲಿ?

ಎರಡು ದಿನ ಅವನು ಬೆಣ್ಣೆಯ ಹಾಗೆ ಓಡಿಸಿದ. ಶಿಡ್ಲಘಟ್ಟದ ಗಲ್ಲಿಗಳಲ್ಲಿ, ಚಿಂತಾಮಣಿಯ ಟೊಮೇಟೊ ಲಾರಿಗಳ ನಡುವೆ, ಒಂದು ಸಲವೂ ಬ್ರೇಕು ಜಗ್ಗಲಿಲ್ಲ. ಹೊರಡುವ ಹೊತ್ತಿಗೆ ದೊಡ್ಡ ಸಾರ್ ತಾವೇ ಕೆಳಗಿಳಿದು ಬಂದು ಟ್ರಿಪ್ ಶೀಟನ್ನೂ ಪೆನ್ನನ್ನೂ ಮುಂದೆ ಹಿಡಿದರು. ಅತಿಥಿಗಳು ನಗುತ್ತಲೇ ಎರಡು ಗೆರೆ ಬರೆದು, ಎಲ್ಲರ ಕೈ ಕುಲುಕಿ, ಹೊರಟರು. ದೊಡ್ಡ ಸಾರ್ ಕನ್ನಡಕ ಹಾಕಿಕೊಂಡು ಓದಿದರು. ನಾನೂ ಬಗ್ಗಿ ನೋಡಿದೆ. 'ನಾನು ಕಂಡ ಅತ್ಯುತ್ತಮ ಡ್ರೈವರ್. ದಯವಿಟ್ಟು ಈತನಿಗೆ ಒಂದು ಒಳ್ಳೆಯ ಕಾರು ಕೊಡಿ' ಎಂದಿತ್ತು.

ಹಾಳೆ ಹರಿದುಹಾಕಿ ಸಾರ್, ಕಳೆದುಹೋಯಿತು ಅನ್ನಿ ಎಂದೆ ನಾನು. ಅವರು ನನ್ನನ್ನು ಒಂದು ಸಲ ನೋಡಿ, ಮೊಹರು ಒತ್ತಿ, ಹೈದರಾಬಾದಿಗೆ ಕಳಿಸಿದರು. ಹೈದರಾಬಾದು ಅತಿಥಿಯ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿತು. ನಾರಾಯಣಸ್ವಾಮಿಯನ್ನು ಬಿಡಬೇಡಿ, ಪಟ್ಟಿಯಲ್ಲಿರುವ ಕಾರುಗಳ ಟ್ರಾವೆಲ್ಸ್‌ನವರ ಹತ್ತಿರ ಡ್ರೈವರಾಗಿ ಸೇರಿಸಿ ಎಂದು ಆದೇಶ ಬಂತು. ಅನ್ನಕ್ಕೆ ತೊಂದರೆ ಇಲ್ಲ. ಒಂದನೇ ತಾರೀಖಿನಿಂದ ಅವನು ಬೇರೆಯವರ ಬಿಳಿ ಕಾರಿನಲ್ಲಿ, ಬೇರೆಯವರು ಕೊಟ್ಟ ಬಿಳಿ ಅಂಗಿ ಹಾಕಿಕೊಂಡು ಬಂದ. 'ಅಮೆರಿಕ ಬಂದ' ಎಂದು ಯಾರೂ ರೇಗಿಸಲಿಲ್ಲ. ಅವನ ಕಾರು ಕೈವಾರದ ಮನೆಯ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿತು.

ದೊಡ್ಡ ಸಾರ್ ಅವನ ಹತ್ತಿರ ಆ ವಿಷಯ ಎತ್ತಲೇ ಇಲ್ಲ. ಬೀಳ್ಕೊಡುಗೆಯಾಯಿತು. ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ. ಮ್ಯಾನೇಜರು ಭಾಷಣದಲ್ಲಿ ಅವರನ್ನು ನಮ್ಮ ಸಂಸ್ಥೆಯ ಸಾರಥಿ ಎಂದರು. ಸಾರಥಿಗಳು ಗಡಿಯಾರವನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದರು. ಸತ್ಯ ಹೇಳುತ್ತೇನೆ, ಆವತ್ತು ನನಗೆ ಅವರ ಮೇಲೆ ಸಿಟ್ಟಿತ್ತು. ಒಬ್ಬ ಮೆತ್ತಗಿನ ಮನುಷ್ಯನ ಸ್ವಂತದ ಬದುಕನ್ನು ಬಾಗಿಲ ಸದ್ದಿಗೆ ಕಟ್ಟಿಹಾಕಿ, ಒಂದು ಮಾತೂ ಆಡದೆ ಹೋಗುತ್ತಾರಲ್ಲ ಎಂದು.

ಅದಾದ ಮೂರನೆಯ ದಿನ ನಾನು ಚಿಂತಾಮಣಿಯ ಬೀಜದಂಗಡಿಯೊಂದಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಹೊರಗೆ ಬಂದರೆ ಬಸ್ ನಿಲ್ದಾಣದ ಮುಂದೆ ದೊಡ್ಡ ಸಾರ್, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು.

"ಎಲ್ಲಿಗೆ ಸಾರ್?"

"ಕೈವಾರಕ್ಕೆ."

"ದೇವಸ್ಥಾನಕ್ಕಾ? ಬನ್ನಿ, ಕಾರಿದೆ, ಬಿಡ್ತೀನಿ."

"ಬೇಡಮ್ಮ. ಬಿಡುವಿದ್ರೆ ನೀನೂ ಬಾ. ಒಬ್ಬನೇ ಹೋದ್ರೆ ಬಾಗ್ಲ ತನಕ ಹೋಗಿ ವಾಪಸ್ ಬಂದ್ಬಿಡ್ತೀನೇನೋ ಅಂತ ಭಯ."

ಕಾರಿನವನಿಗೆ ಕಾಯಲು ಹೇಳಿ ಅವರ ಜೊತೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವರು ಬಾಳೆಹಣ್ಣಿನ ಚಿಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

ನಾರಾಯಣಸ್ವಾಮಿ ಡ್ಯೂಟಿಗೆ ಹೋಗಿದ್ದ. ಲಕ್ಷ್ಮೀದೇವಮ್ಮ ಹೊಸ್ತಿಲ ಹತ್ತಿರ ಕೂತು ಹೂ ಕಟ್ಟುತ್ತಿದ್ದಳು. ನನ್ನನ್ನು ಕಂಡು ಎದ್ದಳು. ದೊಡ್ಡ ಸಾರ್ ದನಿಯನ್ನು ಫೋನಿನಲ್ಲಿ ಕೇಳಿದ್ದಳೇ ಹೊರತು ಅವರನ್ನು ಅದುವರೆಗೆ ನೋಡಿದವಳಲ್ಲ. ದೊಡ್ಡ ಸಾರ್ ಅಂದರೆ ಇವರೇ ಎಂದೆ. ಸೆರಗು ಸರಿಮಾಡಿಕೊಂಡು, "ಬನ್ನಿ ಸಾರ್, ಕೂತ್ಕೊಳಿ" ಎಂದು ಕುರ್ಚಿ ಎಳೆದಳು.

ಅವರು ಕೂರಲಿಲ್ಲ. ಹಣ್ಣನ್ನು ಜಗಲಿಯ ಮೇಲಿಟ್ಟು, ಚಪ್ಪಲಿ ಬಿಟ್ಟು, ಶಾಲೆಯ ಹುಡುಗರು ಪದ್ಯ ಒಪ್ಪಿಸುವಾಗ ನಿಲ್ಲುವಂತೆ ನಿಂತರು.

"ಅಮ್ಮ, ಅವತ್ತು ನೀನು ಸರಿಯಾಗೇ ಕೇಳ್ದೆ. ಕಂಪನಿಯೋರು ಇರ್ತಾರಾ ಅಂತ. ನಾನು ಇರ್ತಾರೆ, ನನ್ನ ಮಾತು ಅಂದೆ. ನಂದು ತಪ್ಪಾಯ್ತು."

ಆಕೆ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು.

"ಕೂತ್ಕೊಳಿ ಸಾರ್."

"ಬೈಯಮ್ಮ ಮೊದ್ಲು. ಆಮೇಲೆ ಕೂತ್ಕೋತೀನಿ."

"ಬೈಬೇಕು ಅಂತಾನೇ ಇದ್ದೆ ಸಾರ್" ಅಂದಳು ಆಕೆ, ನಿಧಾನವಾಗಿ, ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ. "ದಿನಾ ಬೆಳಿಗ್ಗೆ ಎದ್ದು ಆ ಟಾರ್ಪಾಲು ನೋಡ್ದಾಗೆಲ್ಲ ನಿಮ್ಮನ್ನ ಬೈದಿದೀನಿ. ನಮ್ಮೋರು ಸುಮ್ನಿರೇ, ದೊಡ್ಡೋರು ಅಂತಿದ್ರು. ಎಂಥಾ ದೊಡ್ಡೋರು ಅಂತ ಅದಕ್ಕೂ ಬೈದೆ."

ದೊಡ್ಡ ಸಾರ್ ತಲೆ ತಗ್ಗಿಸಿ ಕೇಳುತ್ತಿದ್ದರು. ಮೂರು ದಿನದಿಂದ ಹೊತ್ತುಕೊಂಡಿದ್ದ ನನ್ನ ಸಿಟ್ಟಿಗೆ ನನಗೇ ನಾಚಿಕೆಯಾಯಿತು.

ಆಕೆಯ ದನಿ ತಗ್ಗಿತು. "ಆ ಕಾರು ಮಾಡಿದೋರು ಎಷ್ಟು ಜನ ಇದಾರೋ ಸಾರ್. ಒಬ್ರೂ ಬರ್ಲಿಲ್ಲ. ಮಾರಿದೋರು ಬರ್ಲಿಲ್ಲ. ಪಟ್ಟಿ ಬರೆದೋರು ಬರ್ಲಿಲ್ಲ. ತಪ್ಪಾಯ್ತು ಅಂತ ನಮ್ಮ ಮನೆ ಬಾಗ್ಲಿಗೆ ಬಂದೋರು ನೀವೊಬ್ರೇ. ನಿಮ್ಮನ್ನ ಹೆಂಗ್ ಸಾರ್ ಬೈಲಿ?"